ಇಪ್ಪತ್ತಮೂರು ಡಬ್ಬಿ, ಒಂದು ಘೇಂಡಾಮೃಗ

ನಮ್ಮ ಮನೆಯಲ್ಲಿ ಕಸ ಇಲ್ಲ! ಎಲ್ಲರೂ ತಮ್ಮ ಮನೆಯಲ್ಲಿ ಏನೇನಿದೆ ಎಂದು ಹೇಳಿಕೊಂಡು ಬೀಗುತ್ತಾರೆ. ನಾನು ಏನಿಲ್ಲ ಎಂದು ಹೇಳಿಕೊಂಡು ಬೀಗುವವಳು. ಬೀಗುವುದಕ್ಕೆ ನನಗೆ ಹಕ್ಕಿದೆ. ಪಂಪು ತಯಾರಿಸುವ ಕಾರ್ಖಾನೆಯೊಂದರ ಸ್ಟೋರು ಹದಿನಾಲ್ಕು ವರ್ಷದಿಂದ ನನ್ನ ಕೈಯಲ್ಲಿದೆ. ಚೀಟಿಯಿಲ್ಲದೆ ಒಂದು ವಾಷರ್ ಕೂಡ ನನ್ನ ಬಾಗಿಲು ದಾಟಿ ಹೋಗಿಲ್ಲ. ಮಾಲೀಕರೇ ಒಮ್ಮೆ ಖುದ್ದಾಗಿ ಬಂದು ಪೆನ್ನು ಕೇಳಿದಾಗ, "ಹಳೇ ರೀಫಿಲ್ ತಂದ್ಕೊಡಿ ಸಾರ್, ಹೊಸದು ಕೊಡ್ತೀನಿ" ಎಂದವಳು ನಾನು! ಅವರು ಹೋಗಿ ತಂದುಕೊಟ್ಟರು ಎನ್ನುವುದು ಇತಿಹಾಸ.

ಮನೆಯಲ್ಲೂ ಅದೇ ಆಡಳಿತ. ಹಾಲಿನ ಕವರು ತೊಳೆಸಿಕೊಂಡು ಹಗ್ಗದ ಮೇಲೆ ಒಣಗುತ್ತದೆ. ತರಕಾರಿ ಸಿಪ್ಪೆ ಹೂಕುಂಡಕ್ಕೆ ಇಳಿಯುತ್ತದೆ. ಹಲ್ಲುಜ್ಜುವ ಬ್ರಶ್ಶಿಗೆ ನಮ್ಮಲ್ಲಿ ನಿವೃತ್ತಿಯೇ ಇಲ್ಲ. ಹಲ್ಲಿನಿಂದ ಬಾಚಣಿಗೆಗೆ, ಬಾಚಣಿಗೆಯಿಂದ ನಲ್ಲಿಗೆ, ನಲ್ಲಿಯಿಂದ ಕಿಟಕಿಯ ಸಂದಿಗೆ ವರ್ಗವಾಗುತ್ತಾ ಹೋಗುತ್ತದೆ. ಕಸದ ಗಾಡಿಯವನು ನಮ್ಮ ಗೇಟಿನ ಮುಂದೆ ನಿಲ್ಲಿಸುವುದನ್ನೇ ಬಿಟ್ಟಿದ್ದಾನೆ. ಒಂದು ಸಲ ಅವನೇ ತಡೆಯಲಾರದೆ, "ಅಕ್ಕಾ, ಮನೇಲಿ ಜನ ಇದ್ದೀರಾ ತಾನೇ?" ಎಂದು ಕೂಗಿ ವಿಚಾರಿಸಿಕೊಂಡು ಹೋದ.

ಇದ್ದೇವೆ, ನಾಲ್ಕು ಜನ. ನಾನು, ನನ್ನ ಯಜಮಾನರು, ಅತ್ತೆ, ಏಳು ವರ್ಷದ ಪುಟ್ಟಿ. ಯಜಮಾನರದ್ದು ಡ್ರೈವಿಂಗ್ ಕಲಿಸುವ ಕೆಲಸ. ಕಲಿಯುವವರ ಪಕ್ಕ ಕುಳಿತು ಇಪ್ಪತ್ತು ವರ್ಷ ಬ್ರೇಕ್ ಒತ್ತಿ ಒತ್ತಿ ಅವರ ಬಲಗಾಲಿಗೆ ಸ್ವಂತ ಬುದ್ಧಿ ಬಂದುಬಿಟ್ಟಿದೆ. ಮನೆಯಲ್ಲಿ ನಾನು ಏನಾದರೂ ಹೊಸ ಯೋಜನೆ ಹೇಳಲು ಬಾಯಿ ತೆರೆದರೆ ಸಾಕು, ಸೋಫಾದಲ್ಲಿ ಕುಳಿತಲ್ಲೇ ಆ ಕಾಲು ನೆಲವನ್ನು ಗಟ್ಟಿಯಾಗಿ ಒತ್ತುತ್ತದೆ. ಅತ್ತೆ ಹಿಂದೆ ಒಂದು ಸಣ್ಣ ಕ್ಯಾಂಟೀನು ನಡೆಸಿದವರು. ಈಗ ಕ್ಯಾಂಟೀನಿಲ್ಲ. ಮಂಡಿನೋವು ಮತ್ತು ಬಾಯಿ ಮಾತ್ರ ಉಳಿದಿವೆ, ಎರಡೂ ಜೋರಾಗಿವೆ.

ನನ್ನ ಈ ಕಸರಹಿತ ಸಾಮ್ರಾಜ್ಯಕ್ಕೆ ಮೊದಲ ಪೆಟ್ಟು ಬಿದ್ದದ್ದು ಹೋದ ವರ್ಷ. ಪುಟ್ಟಿಯ ಶಾಲೆಯಲ್ಲಿ ಮನೆಯ ಕಸದಿಂದ ಕಲಾಕೃತಿ ಮಾಡಿ ತರಲು ಹೇಳಿದ್ದರು. ಅವಳು ಒಂದು ಖಾಲಿ ಬಾಟಲಿ ಕೇಳಿದಳು. "ಅದು ಕಸ ಅಲ್ಲ, ಅದರಲ್ಲಿ ಸೀಮೆಎಣ್ಣೆ ಇಡ್ತೀನಿ" ಎಂದೆ. ಒಂದು ರಟ್ಟಿನ ಪೆಟ್ಟಿಗೆ ಕೇಳಿದಳು. "ಅದು ಕಸ ಅಲ್ಲ, ಅದರಲ್ಲಿ ಖಾಲಿ ಬಾಟಲಿ ಇಡ್ತೀನಿ" ಎಂದೆ. ಕೊನೆಗೆ ಮಗು ಬರಿಗೈಯಲ್ಲಿ ಹೋಯಿತು. ಮೂವತ್ತೊಂದು ಮಕ್ಕಳು ಏನೇನೋ ಹಿಡಿದು ಸಾಲಾಗಿ ನಿಂತಿದ್ದರೆ, ನನ್ನ ಮಗಳು ಪಕ್ಕದ ಹುಡುಗಿಯ ಕಾಗದದ ಹೂವಿನ ದಂಟನ್ನು ಎರವಲು ಹಿಡಿದು ನಿಂತಿದ್ದಳಂತೆ. ಅವತ್ತು ಸಂಜೆ ಬೂಟು ಬಿಚ್ಚುತ್ತಾ ತಲೆ ಎತ್ತದೆ ಕೇಳಿದಳು, "ಅಮ್ಮಾ, ಎಲ್ಲರ ಮನೇಲೂ ಕಸ ಇದೆ. ನಮ್ಮನೇಲಿ ಯಾಕಿಲ್ಲ? ನಾವು ಬಡವರಾ?"

ಆಗ ಏನೋ ಹೇಳಿ ಹಾರಿಸಿಬಿಟ್ಟೆ. ಆದರೆ ಆ ಮಾತು ಒಂದು ವರ್ಷ ನನ್ನನ್ನು ಕಾಡಿತು. ಹಾಗಾಗಿ ಈ ವರ್ಷ ಒಂದು ಶುಕ್ರವಾರ ಶಾಲೆಯಿಂದ ಮತ್ತೆ ಚೀಟಿ ಬಂದಾಗ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡುಮನೆಯಲ್ಲಿ ನಿಂತು ಘೋಷಿಸಿಯೇಬಿಟ್ಟೆ.

"ಬುಧವಾರ ಪ್ರದರ್ಶನ. ಒಂದು ವಾರದ ಮನೆಯ ಕಸದಿಂದ ಕಲಾಕೃತಿ. ಈ ಸಲ ನನ್ನ ಮಗಳ ಕಲಾಕೃತಿ ನೋಡಿ ಇಡೀ ಶಾಲೆ ಮೂಗಿನ ಮೇಲೆ ಬೆರಳಿಡಬೇಕು!"

ಯಜಮಾನರ ಬಲಗಾಲು ನೆಲ ಒತ್ತಿತು. "ನಿಧಾನ ಮಾರಾಯ್ತಿ, ಮುಂದೆ ತಿರುವಿದೆ" ಎಂದರು.

"ನೀವು ಸುಮ್ನಿರಿ. ಪುಟ್ಟೀ, ಏನು ಮಾಡೋಣ ಹೇಳು?"

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಘೇಂಡಾಮೃಗ!"

"ಯಾಕೆ ಕಂದಾ?"

"ಅದಕ್ಕೆ ಚರ್ಮ ದಪ್ಪ ಅಮ್ಮ. ಯಾರು ಏನಂದ್ರೂ ಅದಕ್ಕೆ ಅಳು ಬರಲ್ಲ."

ಇದನ್ನು ಕೇಳಿದ ಮೇಲೆ ಚಿಕ್ಕ ಘೇಂಡಾಮೃಗ ಮಾಡಲು ಯಾವ ತಾಯಿಗೆ ಮನಸ್ಸು ಬರುತ್ತದೆ ಹೇಳಿ? "ನಿನ್ನಷ್ಟೇ ದೊಡ್ಡದು ಮಾಡೋಣ" ಎಂದೆ. ಪುಟ್ಟಿ ಕುಣಿದಳು. ಯಜಮಾನರ ಕಾಲು ಮತ್ತೆ ನೆಲ ಒತ್ತಿತು.

ಕಾಗದದ ಮೇಲೆ ಲೆಕ್ಕ ಹಾಕಿದೆವು. ಹೊಟ್ಟೆಗೆ ಐದು ಲೀಟರಿನ ಅಡುಗೆ ಎಣ್ಣೆಯ ಟಿನ್ನು. ಕಾಲಿಗೆ ನಾಲ್ಕು ಡಬ್ಬ, ಎಂದರೆ ಹಾಲಿನ ಪುಡಿ, ಟೀ ಪುಡಿ, ಸಕ್ಕರೆ, ಬಟ್ಟೆ ಸೋಪಿನ ಪುಡಿ. ಕುತ್ತಿಗೆಗೆ ಶಾಂಪೂ ಬಾಟಲಿ, ಸಾಸ್ ಬಾಟಲಿ, ಜೇನಿನ ಬಾಟಲಿ. ಬೆರಳುಗಳಿಗೆ ಪೇಸ್ಟಿನ ಮುಚ್ಚಳ. ಬಾಲಕ್ಕೆ ಶೇವಿಂಗ್ ಕ್ರೀಮಿನ ಟ್ಯೂಬು. ಎಲ್ಲವೂ ಮನೆಯಲ್ಲಿತ್ತು. ಒಂದೇ ತೊಂದರೆ. ತಿಂಗಳ ಸಾಮಾನು ಆಗತಾನೇ ತಂದಿದ್ದರಿಂದ ಎಲ್ಲವೂ ತುಂಬಿ ತುಳುಕುತ್ತಿತ್ತು!

"ಅಮ್ಮಾ, ಇದ್ಯಾವುದೂ ಕಸ ಅಲ್ಲ" ಎಂದಳು ಪುಟ್ಟಿ. ಅವಳ ಮುಖ ಸಣ್ಣಗಾಯಿತು.

"ಕಸ ಇಲ್ಲದಿದ್ರೆ ಏನಂತೆ? ತಯಾರಿಸಿದ್ರಾಯ್ತು!" ಎಂದೆ.

ಮನುಷ್ಯ ಹಾಳಾಗುವುದು ಇಂಥ ವಾಕ್ಯಗಳಿಂದಲೇ ಎಂದು ನನಗೆ ಆಗ ಗೊತ್ತಿರಲಿಲ್ಲ.

ಅಟ್ಟದ ಮೇಲೆ ಅತ್ತೆಯ ಕ್ಯಾಂಟೀನಿನ ಕಾಲದ ಸ್ಟೀಲು ಡಬ್ಬಿಗಳಿದ್ದವು. ಒಟ್ಟು ಇಪ್ಪತ್ತಮೂರು. ಒಂದೇ ಅಳತೆ, ಒಂದೇ ಹೊಳಪು, ಒಂದೇ ಮುಚ್ಚಳ, ಇಪ್ಪತ್ತಮೂರು ಅವಳಿಜವಳಿ. ಭಾನುವಾರ ಬೆಳಿಗ್ಗೆ ಅವನ್ನೆಲ್ಲ ಕೆಳಗಿಳಿಸಿ, ಆಲಿಕೆ ಇಟ್ಟು, ಮನೆಯಲ್ಲಿದ್ದ ಸಕಲವನ್ನೂ ಅವಕ್ಕೆ ಸುರಿದೆ. ಎಣ್ಣೆಯೇ ಎರಡೂವರೆ ಡಬ್ಬಿ ನುಂಗಿತು. ಪೇಸ್ಟನ್ನು ಟ್ಯೂಬಿನಿಂದ ಹಿಂಡಿ ಹಿಂಡಿ ನನ್ನ ಹೆಬ್ಬೆರಳು ಬಾತುಕೊಂಡಿತು. ಅತ್ತೆಯ ಮಂಡಿನೋವಿನ ಎಣ್ಣೆಯ ಬಾಟಲಿ ಮೃಗದ ಕಿವಿಗೆ ಹೇಳಿ ಮಾಡಿಸಿದಂತಿದ್ದುದರಿಂದ ಅದನ್ನೂ ಖಾಲಿ ಮಾಡಿದೆ.

ಪ್ರತಿ ಡಬ್ಬಿಗೂ ಒಂದು ಚೀಟಿ ಅಂಟಿಸಿದೆ. ಒಂದು, ಎರಡು, ಮೂರು, ಹೀಗೆ ಇಪ್ಪತ್ತಮೂರರವರೆಗೆ.

"ಹೆಸರು ಬರೆಯಲ್ವಾ?" ಯಜಮಾನರು ಕೇಳಿದರು.

"ಹೆಸರು ಬರೆಯೋದು ಹವ್ಯಾಸಿಗಳ ಕೆಲಸ ರೀ. ಸ್ಟೋರಿನಲ್ಲಿ ಡಬ್ಬದ ಮೇಲೆ ನಂಬರ್ ಮಾತ್ರ. ಹೆಸರು ಪಟ್ಟಿಯಲ್ಲಿ ಇರುತ್ತೆ."

"ಇದು ಅಡುಗೆಮನೆ ಕಣೇ. ಸಕ್ಕರೆ ಡಬ್ಬಿ ಮೇಲೆ ಸಕ್ಕರೆ ಅಂತ ಬರೆದ್ರೆ ಯಾರಾದ್ರೂ ಜೈಲಿಗೆ ಹಾಕ್ತಾರಾ?"

"ಹಾಕಲ್ಲ. ಆದ್ರೆ ಶಿಸ್ತು ಅನ್ನೋದು ಒಂದಿದೆ!"

ಹೊಸ ಅಂಗಿಯ ಪೆಟ್ಟಿಗೆಯ ಗಟ್ಟಿ ರಟ್ಟಿನ ಮೇಲೆ ಮುತ್ತು ಪೋಣಿಸಿದ ಅಕ್ಷರದಲ್ಲಿ ಪಟ್ಟಿ ಬರೆದೆ. ಕಾಗದವಾದರೆ ಹರಿಯುತ್ತದೆ, ರಟ್ಟು ಬಾಳಿಕೆ ಬರುತ್ತದೆ, ನೋಡಿ ನನ್ನ ದೂರದೃಷ್ಟಿ! ಅದನ್ನು ಊಟದ ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ.

ವಾಪಸು ಬರುವಷ್ಟರಲ್ಲಿ ಅಜ್ಜಿ ಮೊಮ್ಮಗಳು ಸೇರಿ ಅರ್ಧ ಮೃಗ ನಿಲ್ಲಿಸಿದ್ದರು. ಟಿನ್ನಿನ ಹೊಟ್ಟೆ, ಡಬ್ಬದ ಕಾಲು, ಮೈತುಂಬ ರಟ್ಟಿನ ಕವಚ, ಅದರ ಮೇಲೆ ಗೇಟಿಗೆ ಬಳಿದು ಉಳಿದಿದ್ದ ಬೂದು ಬಣ್ಣ. ಹಳೆಯ ಪತ್ರಿಕೆಯನ್ನು ಅಂಟಿನಲ್ಲಿ ನೆನೆಸಿ ಮುಖ ತಿದ್ದಿದೆವು. ಕೊಂಬಿಗೆ ಏನು ಎಂಬ ಪ್ರಶ್ನೆ ಬಂದಾಗ ನಾನು ಸ್ಟೀಲಿನ ಆಲಿಕೆಯನ್ನೇ ತೆಗೆದು ಮೂಗಿನ ಮೇಲೆ ಕವುಚಿ ಅಂಟಿಸಿಬಿಟ್ಟೆ. ಆಹಾ! ಏನು ಠೀವಿ! ಕೈ ಬಿಟ್ಟೆವು, ಘೇಂಡಾಮೃಗ ಮೂತಿಯಡಿಯಾಗಿ ದಬ್ಬೆಂದು ಬಿತ್ತು.

"ಮೂಗಿಗಿಂತ ಮೂಗುತಿ ಭಾರ ಅಂದ್ರೆ ಇದೇ ನೋಡು" ಎಂದರು ಅತ್ತೆ. "ಹಿಂದಕ್ಕೆ ಏನಾದ್ರೂ ತೂಕ ಹಾಕ್ರೇ."

ಯಜಮಾನರು ಗೊಣಗುತ್ತಾ ಹೋಗಿ ಕಾರಿನ ಡಿಕ್ಕಿಯಿಂದ ಸವೆದ ಬ್ರೇಕ್ ಪ್ಯಾಡುಗಳನ್ನು ತಂದರು. ಎಂಟು ಪ್ಯಾಡು, ಒಂದು ತುಕ್ಕು ಹಿಡಿದ ಬೀಗ, ಎರಡು ಹಳೆಯ ಸ್ಪ್ಯಾನರು ಘೇಂಡಾಮೃಗದ ಹೊಟ್ಟೆಯ ಹಿಂಭಾಗಕ್ಕೆ ಇಳಿದವು. ಮೃಗ ನಾಲ್ಕು ಕಾಲೂರಿ ಗಟ್ಟಿಯಾಗಿ ನಿಂತಿತು. ಪುಟ್ಟಿ ಅದರ ಕೊರಳು ತಬ್ಬಿಕೊಂಡಳು. ಕೆನ್ನೆಗೆ ಬೂದು ಬಣ್ಣ ಹತ್ತಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಒಂದು ವರ್ಷದಿಂದ ಎದೆಯಲ್ಲಿ ಚುಚ್ಚುತ್ತಿದ್ದದ್ದು ಕಳಚಿಬಿದ್ದ ಹಾಗಾಗಿ, ನಾನು ಮೂಗು ಸೀನುವ ನೆಪ ಮಾಡಿ ಕಣ್ಣೊರೆಸಿಕೊಂಡೆ.

ಸೋಮವಾರ ಬೆಳಿಗ್ಗೆ ಬಚ್ಚಲಿನಿಂದ ಯಜಮಾನರ ದನಿ ಬಂತು. "ಲೇ, ಶೇವಿಂಗ್ ಕ್ರೀಮ್ ಎಷ್ಟನೇ ನಂಬರ್?"

"ಪಟ್ಟಿ ನೋಡಿ! ಪಟ್ಟಿ ಇರೋದ್ಯಾಕೆ?"

"ಪಟ್ಟಿ ಎಲ್ಲಿದೆ?"

ಮೇಜಿನ ಮೇಲಿರಲಿಲ್ಲ. ಮೇಜಿನ ಕೆಳಗೂ ಇರಲಿಲ್ಲ. ದಿಂಬಿನಡಿ, ಫ್ರಿಜ್ಜಿನ ಮೇಲೆ, ಚಪ್ಪಲಿ ಗೂಡಿನಲ್ಲಿ, ಎಲ್ಲೂ ಇಲ್ಲ.

"ಅಂಗಿ ಪೆಟ್ಟಿಗೆ ರಟ್ಟಾ ಅಮ್ಮ?" ಪುಟ್ಟಿ ಹಾಲು ಕುಡಿಯುತ್ತಾ ಕೇಳಿದಳು. "ಅದು ಹಿಂದಗಡೆ ಇದೆ."

"ಮನೆ ಹಿಂದೇನಾ?"

"ಅಲ್ಲ. ಘೇಂಡಾಮೃಗದ ಹಿಂದೆ."

ಹೋಗಿ ನೋಡಿದೆ. ಆ ಮಹಾಮೃಗದ ಪೃಷ್ಠಭಾಗದ ಎಡ ಕವಚವಾಗಿ, ಅಂಟಿನಿಂದ ಗಟ್ಟಿಯಾಗಿ ಕಚ್ಚಿಕೊಂಡು, ಎರಡು ಕೈ ಬೂದು ಬಣ್ಣ ಹೊದ್ದು ನನ್ನ ಪಟ್ಟಿ ಕುಳಿತಿತ್ತು. ಅಕ್ಷರಗಳೆಲ್ಲ ಒಳಮುಖವಾಗಿದ್ದವು.

"ರಟ್ಟು ಚೆನ್ನಾಗಿ ಗಟ್ಟಿಯಿತ್ತು. ನಾನೇ ತೆಗೆದುಕೊಟ್ಟೆ" ಎಂದರು ಅತ್ತೆ, ಪ್ರಶಸ್ತಿ ಪತ್ರ ಕೇಳುವವರ ಹಾಗೆ.

ನಾನು ಧೃತಿಗೆಡಲಿಲ್ಲ. "ಪಟ್ಟಿ ಹೋದ್ರೆ ಹೋಗ್ಲಿ. ಕಾರ್ಖಾನೆಯ ನಾಲ್ಕು ಸಾವಿರ ಬಿಡಿಭಾಗದ ನಂಬರ್ ನನ್ನ ತಲೇಲಿದೆ. ಇಪ್ಪತ್ತಮೂರು ಯಾವ ಮಹಾ? ಶೇವಿಂಗ್ ಕ್ರೀಮ್ ಒಂಬತ್ತು, ಪೇಸ್ಟು ಹದಿನಾರು, ಅಡುಗೆ ಎಣ್ಣೆ ನಾಲ್ಕು, ತಲೆಗೆ ಹಚ್ಚೋ ಎಣ್ಣೆ ಏಳು, ಮಂಡಿ ಎಣ್ಣೆ ಹನ್ನೊಂದು. ಬರ್ಕೊಳ್ಳಿ!"

ಇಲ್ಲೊಂದು ಸಣ್ಣ ಅಡಚಣೆ ಇತ್ತು. ನಾಲ್ಕು ಸಾವಿರ ನಂಬರು ಕೂತಿರುವ ತಲೆಯಲ್ಲಿ ಹೊಸ ಇಪ್ಪತ್ತಮೂರಕ್ಕೆ ಜಾಗ ಸಿಗುವುದಿಲ್ಲ. ಒಂಬತ್ತು ಎಂದೊಡನೆ ನನ್ನ ಕಣ್ಣ ಮುಂದೆ ಬರುವುದು ಮುಕ್ಕಾಲು ಇಂಚಿನ ಗ್ಯಾಸ್ಕೆಟ್ಟು. ಆದರೆ ಗಂಡನ ಮುಂದೆ ಇದನ್ನೆಲ್ಲ ಒಪ್ಪಿಕೊಳ್ಳಲಾಗುತ್ತದೆಯೇ?

ಐದು ನಿಮಿಷದಲ್ಲಿ ಯಜಮಾನರು ಬಾಯ ತುಂಬ ನೊರೆಯೊಂದಿಗೆ ಹೊರಬಂದರು. ನೊರೆ ಗಲ್ಲ ದಾಟಿ ಎದೆಗೆ ಇಳಿಯುತ್ತಿತ್ತು, ಉಗುಳಿದಷ್ಟೂ ಉಕ್ಕುತ್ತಿತ್ತು. ಏನೋ ಹೇಳುತ್ತಿದ್ದರು, ಗುಳ್ಳೆಯಷ್ಟೇ ಬರುತ್ತಿತ್ತು. ಅಂದರೆ ಹದಿನಾರು ಶೇವಿಂಗ್ ಕ್ರೀಮು! ಕೆನ್ನೆಗೆ ಅದಾಗಲೇ ಒಂಬತ್ತನ್ನು ಬಳಿದುಕೊಂಡಿದ್ದರಿಂದ ಮುಖದಿಂದ ಪುದೀನದ ತಂಪು ಪರಿಮಳ ಬರುತ್ತಿತ್ತು.

"ನೋಡಿ, ಕಳೆದಿದ್ದೇನೂ ಇಲ್ಲ. ಅದಲು ಬದಲು ಅಷ್ಟೇ" ಎಂದು ಸಮಾಧಾನ ಹೇಳಿದೆ. ಅವರು ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಮೊಟ್ಟೆ ಕರಿಯುವ ಸದ್ದು ಬಂತು. ಸದ್ದಿನ ಹಿಂದೆ ಒಂದು ವಾಸನೆ ಬಂತು. ಕರ್ಪೂರ, ಔಷಧಿ ಅಂಗಡಿ, ಹಳೆಯ ಆಸ್ಪತ್ರೆ, ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಹಾಕಿ ಹುರಿದರೆ ಬರುವಂಥ ವಾಸನೆ. ಎಲ್ಲರ ಕಣ್ಣಲ್ಲೂ ನೀರು.

"ಏನೇ ಇದು! ನನ್ನ ಮಂಡೀನೇ ಒಲೆ ಮೇಲೆ ಇಟ್ಟಂಗಿದೆ!" ಅತ್ತೆ ಸೌಟು ಹಿಡಿದು ಹೊರಗೋಡಿ ಬಂದರು.

"ಅತ್ತೆ, ಎಷ್ಟನೇ ಡಬ್ಬಿಯಿಂದ ಎಣ್ಣೆ ಹಾಕಿದ್ರಿ?"

"ನೀನೇ ಹೇಳಿದ್ಯಲ್ಲ, ನಾಲ್ಕು ಅಂತ."

"ಹಾಗಾದ್ರೆ ಬೆಳಿಗ್ಗೆ ಮಂಡಿಗೆ ಹಚ್ಕೊಂಡಿದ್ದು?"

"ಹನ್ನೊಂದು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅತ್ತೆ ಕಾಲನ್ನು ಒಮ್ಮೆ ಮಡಚಿ ನೋಡಿದರು, ಇನ್ನೊಮ್ಮೆ ಚಾಚಿ ನೋಡಿದರು. "ಅದಕ್ಕೇ ಇವತ್ತು ನೋವು ಕಮ್ಮಿ! ಹತ್ತು ವರ್ಷದಿಂದ ಆ ಡಾಕ್ಟರು ನನಗೆ ಟೋಪಿ ಹಾಕಿದ್ದಾನೆ ಕಣೇ. ಇನ್ಮೇಲೆ ನನಗೆ ಅಡುಗೆ ಎಣ್ಣೇನೇ ಇರಲಿ" ಎಂದು ಹನ್ನೊಂದನೆಯ ಡಬ್ಬಿಯನ್ನು ಎತ್ತಿಕೊಂಡು ತಮ್ಮ ಕೋಣೆಗೆ ನಡೆದೇಬಿಟ್ಟರು.

ಆ ದಿನ ನಾನು ಕಾರ್ಖಾನೆಯಲ್ಲಿ ಕುಳಿತಿದ್ದರೂ ಮನಸ್ಸೆಲ್ಲ ಡಬ್ಬಿಗಳಲ್ಲಿತ್ತು. ಸಂಜೆ ಮನೆಗೆ ಬಂದರೆ ಪುಟ್ಟಿಯ ಯೂನಿಫಾರ್ಮು ಹಗ್ಗದ ಮೇಲಿರಲಿಲ್ಲ, ಹಗ್ಗದ ಪಕ್ಕದಲ್ಲಿ ತಾನೇ ನಿಂತಿತ್ತು! ಸೋಪಿನ ಪುಡಿ ಎಂದು ಅತ್ತೆ ಅದನ್ನು ನೆನೆಸಿದ್ದು ಮೈದಾಹಿಟ್ಟಿನಲ್ಲಿ. ತೋಳು ಮಡಚಲು ಹೋದರೆ ಹಪ್ಪಳದ ಹಾಗೆ ಸದ್ದು ಮಾಡಿತು.

ಯಜಮಾನರು ಬಂದದ್ದು ಅದಕ್ಕಿಂತ ಸೊಗಸಾಗಿ. ತಲೆಗೂದಲು ಎಣ್ಣೆಗಾಗಲೀ ನೀರಿಗಾಗಲೀ ಬಗ್ಗದೆ ಒಂದೇ ಹಲಗೆಯಾಗಿ ಅಂಟಿಕೊಂಡಿತ್ತು. ಅದರ ಮೇಲೆ ಒಂದು ಬೇವಿನ ಎಲೆ, ಎರಡು ನೊಣ.

"ತಲೆಗೆ ಹಚ್ಚೋ ಎಣ್ಣೆ ಏಳು ಅಂದ್ಯಲ್ಲ" ಎಂದರು, ತುಂಬ ಶಾಂತವಾಗಿ. ಈ ಮನುಷ್ಯ ಶಾಂತವಾಗಿ ಮಾತಾಡಿದರೆ ನನಗೆ ಹೆದರಿಕೆ. "ಏಳು ಜೇನುತುಪ್ಪ."

"ಅಯ್ಯೋ! ಗೊತ್ತಾಗ್ಲಿಲ್ವಾ?"

"ಬೆಳಿಗ್ಗೆ ಅವಸರದಲ್ಲಿ ಹಚ್ಚಿದೆ, ಟೋಪಿ ಹಾಕ್ಕೊಂಡೆ. ಹತ್ತು ಗಂಟೆಗೆ ಟೋಪಿ ತೆಗೆಯೋಕೆ ಬರ್ಲಿಲ್ಲ. ಹನ್ನೊಂದಕ್ಕೆ ಹೇಗೋ ಕಿತ್ತೆ. ಆಗ ಬ್ಯಾಂಕಿನ ಮ್ಯಾನೇಜರಮ್ಮ ಓಡಿಸ್ತಿದ್ರು. ಮೊದಲ ಸಲ ಮುಖ್ಯರಸ್ತೆಗೆ ಬಂದಿದ್ರು. ಒಂದು ಜೇನುಹುಳ ಒಳಗೆ ಬಂತು. ಅವರು ಎರಡೂ ಕೈ ಬಿಟ್ಟು, 'ಸಾರ್, ನಿಮ್ಮ ತಲೆ ಮೇಲೆ!' ಅಂತ ಕಿರುಚಿದ್ರು."

"ಆಮೇಲೆ?"

"ಆಮೇಲೆ ನನ್ನ ಕಾಲು ಇತ್ತಲ್ಲ, ಅದು ಕಾಪಾಡ್ತು. ಆದ್ರೆ ಆಯಮ್ಮ ಬಾಗಿಲು ತೆಗೆದು ಓಡಿದವರು ವಾಪಸ್ ಬರ್ಲಿಲ್ಲ. ಕಾರು ಕಲಿಯೋಕೆ ಬಂದಿದ್ದೆ, ಜೇನು ಸಾಕೋಕಲ್ಲ ಅಂತ ಫೋನ್ ಮಾಡಿದ್ರು."

ಇನ್ನು ಸುಮ್ಮನಿರುವ ಹಾಗಿರಲಿಲ್ಲ. ನಮ್ಮ ಸ್ಟೋರಿನಲ್ಲಿ ಪಟ್ಟಿಗೂ ಸರಕಿಗೂ ತಾಳೆಯಾಗದಿದ್ದರೆ ಪ್ರತಿಯೊಂದನ್ನೂ ತೆರೆದು ನೋಡುವ ಪದ್ಧತಿಯಿದೆ. ಅದನ್ನೇ ಇಲ್ಲೂ ಮಾಡೋಣ ಎಂದೆ. ಪರೀಕ್ಷೆ ಮೂಗಿನಿಂದ, ಮೂಗು ಸೋತರೆ ನಾಲಿಗೆಯಿಂದ.

"ಯಾರ ನಾಲಿಗೆ?" ಯಜಮಾನರು ಕೇಳಿದರು.

"ನಿಮ್ಮದು. ಬೆಳಿಗ್ಗೆ ಶೇವಿಂಗ್ ಕ್ರೀಮ್ ತಿಂದು ಅದಕ್ಕೆ ಅಭ್ಯಾಸ ಆಗಿದೆ."

ಬಲಗಾಲು ಎಷ್ಟು ಜೋರಾಗಿ ನೆಲ ಒತ್ತಿತೆಂದರೆ ಮೇಜಿನ ಮೇಲಿನ ಲೋಟ ಅಲ್ಲಾಡಿತು. ಕೊನೆಗೆ ಮೂಗಿನ ಪರೀಕ್ಷೆಯಷ್ಟೇ ನಡೆಯಿತು. ಸತತ ಹನ್ನೆರಡು ಡಬ್ಬಿ ಮೂಸಿದ ಮೇಲೆ ನಮ್ಮ ಮೂಗುಗಳು ಕೈಕೊಟ್ಟವು. ಶಾಂಪೂವೂ ನೆಲ ಒರೆಸುವ ದ್ರಾವಣವೂ ಒಂದೇ ಹೂದೋಟದಲ್ಲಿ ಅರಳಿದ ಹಾಗಿದ್ದವು. ಒಂಬತ್ತು ಡಬ್ಬಿ ಖಚಿತ, ಹದಿನಾಲ್ಕು ಅನುಮಾನಾಸ್ಪದ. ಅವತ್ತು ಎಲ್ಲರೂ ಬಾಳೆಹಣ್ಣು ತಿಂದೆವು. ಸಿಪ್ಪೆ ಸುಲಿದು ತಿನ್ನುವ ವಸ್ತುವಿನ ಮೇಲೆ ನಮಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ತರಕಾರಿ ಚಾಕು ಹಿಡಿದು, ಘೇಂಡಾಮೃಗದ ಹಿಂದೆ ಮಂಡಿಯೂರಿ ಕುಳಿತೆ. ಒಂದೇ ಒಂದು ಕವಚ. ಮೆಲ್ಲಗೆ ಬಿಡಿಸುವುದು, ಓದಿಕೊಳ್ಳುವುದು, ಮತ್ತೆ ಅಂಟಿಸುವುದು. ಯಾರಿಗೆ ಗೊತ್ತಾಗುತ್ತದೆ? ಚಾಕುವಿನ ತುದಿ ಅರ್ಧ ಇಂಚು ಒಳಗೆ ಹೋಗಿತ್ತು.

"ಅಮ್ಮಾ."

ತಿರುಗಿದೆ. ಪುಟ್ಟಿ ಬಾಗಿಲಲ್ಲಿ ನಿಂತಿದ್ದಳು. ಚಾಕು ನೋಡಿದಳು, ಘೇಂಡಾಮೃಗ ನೋಡಿದಳು. ಅವಳು ಕಿರುಚಾಡಿದ್ದರೆ ಗದರಿಸಿ ಸುಮ್ಮನಾಗಿಸಬಹುದಿತ್ತು. ಅವಳು ಮೆಲ್ಲಗೆ ಬಂದು ಕವಚದ ಮೇಲೆ ಎರಡೂ ಅಂಗೈ ಇಟ್ಟು ಮುಚ್ಚಿಕೊಂಡಳು.

"ಇದೂ ಕಸ ಅಲ್ವಾ ಅಮ್ಮ? ಇದೂ ವಾಪಸ್ ಬೇಕಾ?"

ಚಾಕು ನನ್ನ ಕೈಯಿಂದ ತಾನಾಗಿ ಕೆಳಗಿಳಿಯಿತು. ನಾಚಿಕೆಯಿಂದ ಮೈ ಹಿಡಿಯಾಯಿತು. ಒಂದು ಪಟ್ಟಿಗಾಗಿ ನಾನು ಏನು ಮಾಡಲು ಹೊರಟಿದ್ದೆ! "ಇಲ್ಲ ಕಂದಾ. ಇದು ಕಸ. ಅಪ್ಪಟ ಕಸ. ಪೂರ್ತಿ ನಿಂದೇ" ಎಂದು ಅವಳನ್ನು ಎಳೆದು ಅಪ್ಪಿಕೊಂಡೆ. ಅವಳು ನನ್ನ ಹೆಗಲ ಮೇಲಿಂದಲೇ ಕೈಚಾಚಿ ಕವಚದ ಅಂಚನ್ನು ಗಟ್ಟಿಯಾಗಿ ಒತ್ತಿ ಅಂಟಿಸಿದಳು.

ಬುಧವಾರ ಬಂತು. ಡ್ರೈವಿಂಗ್ ಶಾಲೆಯ ಕಾರಿನ ಹಿಂದಿನ ಸೀಟಿನಲ್ಲಿ ಘೇಂಡಾಮೃಗವನ್ನು ಕೂರಿಸಿದೆವು. ಯಜಮಾನರು ಅದಕ್ಕೂ ಬೆಲ್ಟು ಹಾಕಿದರು. ನೆತ್ತಿಯ ಮೇಲೆ 'ಕಲಿಯುವವರು' ಎಂಬ ಫಲಕ ಹೊತ್ತ ಕಾರು ಹೋಗುತ್ತಿದ್ದರೆ, ಅಕ್ಕಪಕ್ಕದ ವಾಹನದವರು ಕಿಟಕಿಯೊಳಗೆ ಇಣುಕಿ ಕಲಿಯುತ್ತಿರುವವರು ಯಾರೆಂದು ನೋಡಿ ದೂರ ಸರಿದು ದಾರಿ ಬಿಟ್ಟರು. ನನಗೆ ಎದೆಯುಬ್ಬಿತು. ಶಾಲೆಯ ಗೇಟಿನಿಂದ ಪ್ರದರ್ಶನದ ಹಾಲಿನವರೆಗೆ ನಾನೂ ಯಜಮಾನರೂ ಅದನ್ನು ಹೊತ್ತು ನಡೆದರೆ ಮಕ್ಕಳೆಲ್ಲ "ಓ!" ಎಂದು ಹಿಂದೆ ಓಡಿಬಂದರು. ಪುಟ್ಟಿ ಮುಂದೆ ನಡೆಯುತ್ತಾ, "ಜಾಗ ಬಿಡಿ, ಜಾಗ ಬಿಡಿ!" ಎನ್ನುತ್ತಿದ್ದಳು.

ಹಾಲಿನ ಬಾಗಿಲಲ್ಲಿ ಒಂದು ಮೇಜು. ಮೇಜಿನ ಮೇಲೆ ಒಂದು ತಕ್ಕಡಿ.

ತಕ್ಕಡಿ ಯಾಕೆ? ನನಗೆ ಅರ್ಥವಾಗಲಿಲ್ಲ. ಹೊಸದಾಗಿ ಬಂದಿದ್ದ ಮಿಸ್ಸು ನಗುನಗುತ್ತಾ ವಿವರಿಸಿದರು.

"ಈ ಸಲ ಒಂದು ಹೊಸ ಪ್ರಯೋಗ ಮಾಡ್ತಿದೀವಿ. ಕಲೆ ಎಷ್ಟು ಚೆನ್ನಾಗಿದೆ ಅನ್ನೋದಷ್ಟೇ ಅಲ್ಲ, ಒಂದು ವಾರದಲ್ಲಿ ಯಾರ ಮನೆಯಿಂದ ಎಷ್ಟು ಕಸ ಹೊರಗೆ ಬೀಳುತ್ತೆ ಅಂತ ಮಕ್ಕಳೇ ತೂಕ ಮಾಡಿ ಬರೀತಾರೆ. ಅತಿ ಕಡಿಮೆ ಕಸದ ಮನೆಗೆ ಬಹುಮಾನ!"

ಗೋಡೆಯ ಮೇಲಿನ ಹಲಗೆ ನೋಡಿದೆ. ಕಾಗದದ ಮೀನು, ತೊಂಬತ್ತು ಗ್ರಾಂ. ಮೊಟ್ಟೆ ಟ್ರೇಯ ಆಮೆ, ನೂರ ನಲವತ್ತು ಗ್ರಾಂ. ಎಲ್ಲಕ್ಕಿಂತ ಭಾರವಾಗಿದ್ದ ರಟ್ಟಿನ ಕೋಟೆ, ಆರುನೂರ ಹತ್ತು ಗ್ರಾಂ. ಆ ಕೋಟೆಯ ತಂದೆತಾಯಿ ಆಗಲೇ ಮುಖ ಮರೆಸಿಕೊಂಡು ಮೂಲೆಯಲ್ಲಿ ನಿಂತಿದ್ದರು.

ನಮ್ಮ ಘೇಂಡಾಮೃಗ ತಕ್ಕಡಿ ಏರಿತು. ತಕ್ಕಡಿ ನರಳಿತು. ಮುಳ್ಳು ಗಿರ್ರನೆ ತಿರುಗಿತು.

"ಒಂಬತ್ತು ಕಿಲೋ ಇನ್ನೂರು ಗ್ರಾಂ!" ಕನ್ನಡಕದ ಹುಡುಗಿಯೊಬ್ಬಳು ಹಾಲೆಲ್ಲ ಕೇಳುವ ಹಾಗೆ ಕೂಗಿದಳು.

ಎಲ್ಲರೂ ತಿರುಗಿ ನೋಡಿದರು. ಆಮೇಲೆ ಹಿಂದಿನಿಂದ ಪಿಸುಗುಡುವುದು ಶುರುವಾಯಿತು.

"ಒಂದೇ ವಾರಕ್ಕಾ?"

"ಐದು ಲೀಟರ್ ಎಣ್ಣೆ ಒಂದು ವಾರಕ್ಕೆ ಮುಗಿಸಿದ್ದಾರಲ್ರೀ!"

"ಮನೇಲಿ ಎಷ್ಟು ಜನ ಅಂತೆ?"

"ನಾಲ್ಕೇ ಅಂತೆ."

"ಹೊಟ್ಟೆ ಸಂದೀಲಿ ಬ್ರೇಕ್ ಪ್ಯಾಡೂ ಕಾಣ್ತಿದೆ. ಅದನ್ನೂ ವಾರಕ್ಕೆ ಎಂಟು ಸವೆಸ್ತಾರಾ?"

ಯಾರನ್ನು ಹೀಗೆ ಅನ್ನುತ್ತಿರುವುದು? ನನ್ನನ್ನು! ಹಾಲಿನ ಕವರು ತೊಳೆದು ಒಣಗಿಸುವವಳನ್ನು! ನ್ಯಾಯವಾಗಿ ನೋಡಿದರೆ ಆ ಬಹುಮಾನದ ಮೇಲೆ ನನ್ನ ಹೆಸರನ್ನು ಮೊದಲೇ ಕೊರೆದಿಡಬೇಕಿತ್ತು. ರಕ್ತ ಸರ್ರನೆ ತಲೆಗೇರಿತು.

"ಮಿಸ್, ಇದು ಕಸ ಅಲ್ಲ!" ಎಂದು ಕೂಗಿಬಿಟ್ಟೆ.

ಮಿಸ್ಸಿನ ನಗು ನಿಂತಿತು. "ಕಸ ಅಲ್ವಾ? ಹಾಗಾದ್ರೆ ಕ್ಷಮಿಸಿ ಮೇಡಂ, ಪ್ರದರ್ಶನಕ್ಕೆ ಇಡೋಕಾಗಲ್ಲ. ಮನೆಯ ಕಸದಿಂದ ಮಾಡಿದ್ದು ಮಾತ್ರ ಅಂತ ನಿಯಮ ಇದೆ. ಪಾಪ, ಮಗು ಬರಿಗೈಲಿ ನಿಲ್ಲಬೇಕಾಗುತ್ತೆ."

ನನ್ನ ಬಲಗೈಯಲ್ಲಿ ಇನ್ನೊಂದು ಕೈ ಇತ್ತು. ಸಣ್ಣ ಕೈ. ಅದು ಬಿಗಿಯಾಯಿತು, ಬೆವರಿತು. ಪುಟ್ಟಿ ನನ್ನನ್ನು ನೋಡಲಿಲ್ಲ, ಮಿಸ್ಸನ್ನೂ ನೋಡಲಿಲ್ಲ. ಘೇಂಡಾಮೃಗವನ್ನೇ ನೋಡುತ್ತಿದ್ದಳು.

ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ ಎನ್ನುತ್ತಾರಲ್ಲ, ಅದು ಹೇಗಿರುತ್ತದೆ ಎಂದು ಅವತ್ತು ಗೊತ್ತಾಯಿತು. ಹದಿನಾಲ್ಕು ವರ್ಷದ ಮರ್ಯಾದೆ ಗಂಟಲಲ್ಲಿ ನಿಂತಿತ್ತು. ನುಂಗಿದೆ.

"ಅಲ್ಲ ಮಿಸ್, ನಾನು ಹೇಳಿದ್ದು... ಇದಷ್ಟೇ ಕಸ ಅಲ್ಲ ಅಂತ. ಇನ್ನೂ ಇತ್ತು. ಕಾರಿನಲ್ಲಿ ಹಿಡಿಸಲಿಲ್ಲ."

ಹಾಲಿನಲ್ಲಿ ಒಂದು ಉದ್ಗಾರ ಎದ್ದಿತು. ರಟ್ಟಿನ ಕೋಟೆಯ ತಂದೆತಾಯಿ ಮೂಲೆಯಿಂದ ಹೊರಬಂದು ನೆಟ್ಟಗೆ ನಿಂತರು. ಯಜಮಾನರು ಕೆಮ್ಮುವ ನೆಪದಲ್ಲಿ ಗೋಡೆಗೆ ಮುಖ ಮಾಡಿದರು, ಅವರ ಭುಜಗಳು ಕುಲುಕುತ್ತಿದ್ದವು.

"ಸರಿ, ಇಲ್ಲೊಂದು ಸಹಿ ಮಾಡಿ" ಎಂದರು ಮಿಸ್ಸು. 'ಮೇಲ್ಕಂಡ ಒಂಬತ್ತು ಕಿಲೋ ಇನ್ನೂರು ಗ್ರಾಂ ನಮ್ಮ ಮನೆಯ ಒಂದು ವಾರದ ಕಸವೆಂದು ದೃಢೀಕರಿಸುತ್ತೇನೆ.' ಸಾವಿರಾರು ಚೀಟಿಗೆ ಸಹಿ ಹಾಕಿದ ಕೈ ನನ್ನದು, ಅವತ್ತು ಸುಳ್ಳು ಲೆಕ್ಕಕ್ಕೂ ಸಹಿ ಹಾಕಿತು. ಮಿಸ್ಸು ಅನುಕಂಪದಿಂದ ನನ್ನ ತೋಳು ಮುಟ್ಟಿ, ಮನೆಯ ಕಸ ಕಡಿಮೆ ಮಾಡುವುದು ಹೇಗೆ ಎಂಬ ಕಿರುಹೊತ್ತಗೆಯೊಂದನ್ನು ಕೊಟ್ಟರು. ಪೋಷಕರಿಗಾಗಿ ಶನಿವಾರ ಒಂದು ತರಗತಿಯೂ ಇದೆಯಂತೆ. "ನೀವು ದಯವಿಟ್ಟು ತಪ್ಪಿಸ್ಕೋಬೇಡಿ" ಎಂದರು. ಮಕ್ಕಳಿಗೆ ಪಾಠವಾಗಲಿ ಎಂದು ಘೇಂಡಾಮೃಗವನ್ನು ಶಾಲೆಯ ಹಜಾರದಲ್ಲೇ ಶಾಶ್ವತವಾಗಿ ಇಟ್ಟುಕೊಳ್ಳುತ್ತಾರಂತೆ.

"ಲೇ, ಪಟ್ಟಿ!" ಯಜಮಾನರು ಕಿವಿಯಲ್ಲಿ ಪಿಸುಗುಟ್ಟಿದರು.

"ಹೋಗ್ಲಿ ಬಿಡಿ" ಎಂದೆ.

ಪುಟ್ಟಿ ಆಗಲೇ ನನ್ನ ಕೈ ಬಿಡಿಸಿಕೊಂಡು ಓಡಿದ್ದಳು. ಹಾಲಿನ ನಟ್ಟನಡುವೆ ಘೇಂಡಾಮೃಗದ ಬೆನ್ನಿನ ಮೇಲೆ ಕೈಯಿಟ್ಟು ನಿಂತಿದ್ದಳು. ಸುತ್ತ ಇಡೀ ಶಾಲೆಯೇ ನೆರೆದಿತ್ತು. ಮೀನು, ಆಮೆ, ಕೋಟೆಗಳನ್ನು ಕೇಳುವವರೇ ಇರಲಿಲ್ಲ. ಅವಳ ಮುಖ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಮರ್ಯಾದೆ ಹೋದರೆ ಹೋಯಿತು, ಮಗು ಬರಿಗೈಯಲ್ಲಿ ನಿಲ್ಲಲಿಲ್ಲವಲ್ಲ!

ಅಷ್ಟರಲ್ಲಿ ಆ ಕನ್ನಡಕದ ಹುಡುಗಿ ಕೇಳುವುದು ಕೇಳಿಸಿತು. "ಇಷ್ಟೊಂದು ಕಸ ಎಲ್ಲಿಂದ ತಂದೆ?"

ನನ್ನ ಮಗಳು ಸೊಂಟದ ಮೇಲೆ ಕೈಯಿಟ್ಟು, ಪೋಷಕರು, ಮಿಸ್ಸು, ಎಲ್ಲರಿಗೂ ಕೇಳುವಂತೆ, ಹೆಮ್ಮೆಯಿಂದ ಉತ್ತರ ಕೊಟ್ಟಳು.

"ತಂದಿದ್ದಲ್ಲ ಕಣೇ, ನಮ್ಮಮ್ಮನೇ ಮಾಡಿದ್ದು! ಅದೂ ವಾರ ಎಲ್ಲ ಬೇಕಾಗ್ಲಿಲ್ಲ, ಒಂದೇ ಬೆಳಿಗ್ಗೆ!"